ಸಾಂಬಾರ್ ಗಾಡಿಯ ಸ್ಟೇರಿಂಗ್ ಸಡಿಲವಾದಾಗ

ಈ ಸಲ ಅಡಿಗೆಮನೆ ಬಿಟ್ಟು ಗಾಡಿಯ ವಿಷಯ ಬರೆಯುತ್ತಿದ್ದೇನೆ. ಕ್ಯಾಟರಿಂಗ್ ಮಾಡುವ ನಮ್ಮಲ್ಲಿ ಹೆಚ್ಚಿನವರ ಬಳಿ ಒಂದು ಹಳೆಯ ಪಿಕಪ್ ಇದ್ದೇ ಇರುತ್ತದೆ.

ನಾಗಪುರದ ಮಿಹಾನ್‌ನಲ್ಲಿರುವ ಕಂಪನಿ ಕ್ಯಾಂಟೀನಿಗೆ ನಾವು ಬೆಳಗ್ಗೆ ಇಡ್ಲಿ, ವಡೆ, ಸಾಂಬಾರ್ ಕಳಿಸುತ್ತೇವೆ. ದಾರಿ ವಾರ್ಧಾ ರೋಡ್, ಅಂದರೆ ಹೈದರಾಬಾದ್ ಮೇಲೆ ನಮ್ಮ ಬೆಂಗಳೂರಿಗೆ ಹೋಗುವ ಹೆದ್ದಾರಿ. ಲಾರಿಗಳ ಸಾಲು ಮುಗಿಯುವುದೇ ಇಲ್ಲ. "ಅಣ್ಣಾ, ಗಾಡಿ ನೆಟ್ಟಗೆ ಹೋಗುತ್ತಿಲ್ಲ, ಅತ್ತಿತ್ತ ಎಳೆಯುತ್ತದೆ" ಎಂದು ಡ್ರೈವರ್ ಹೇಳಿದಾಗ, ಮದುವೆ ಸೀಸನ್ ಮುಗಿಯಲಿ ಎಂದುಬಿಟ್ಟೆ. ತಪ್ಪು ನನ್ನದೇ. ಒಂದು ಬೆಳಗ್ಗೆ ಖಾಪ್ರಿ ಹತ್ತಿರ ಟ್ರೇಲರ್ ಒಂದು ರಭಸದಿಂದ ದಾಟಿತು. ಅದರ ಗಾಳಿಗೆ ಪಿಕಪ್ ಪಕ್ಕಕ್ಕೆ ಸರಿದು, ಸ್ಕೂಟರಿನಲ್ಲಿದ್ದ ಗಂಡ ಹೆಂಡತಿ ಸ್ವಲ್ಪದರಲ್ಲಿ ಪಾರಾದರು. ಬ್ರೇಕ್ ಹಾಕಿದ್ದಕ್ಕೆ ಎರಡು ಡಬ್ಬ ಸಾಂಬಾರ್ ಚೆಲ್ಲಿತು. ಅದು ಹೋಗಲಿ, ಡ್ರೈವರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿ ಹತ್ತು ನಿಮಿಷದಲ್ಲಿ ಕಳಿಸಿದರು. ಅಂದಿನಿಂದ ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದು ನಿಂತಿತು! ಬಾಕ್ಸಿನ ಹಲ್ಲು ಹೆಚ್ಚು ಸವೆಯುವುದು ನಡುವಿನಲ್ಲಿ, ಗಾಡಿ ನೇರ ಓಡುವ ಜಾಗದಲ್ಲಿ. ಅಲ್ಲಿನ ಸಡಿಲು ಹೋಗುವಷ್ಟು ಬಿಗಿ ಮಾಡಿದರೆ ತಿರುಗಿಸುವಾಗ ಹಿಡಿದುಕೊಳ್ಳುತ್ತದೆ. ಆ ಸ್ಕ್ರೂ ಕೊನೆಯ ಕೆಲಸ, ಮೊದಲನೆಯದಲ್ಲ.

ಎರಡನೆಯ ಮೇಸ್ತ್ರಿ ವಯಸ್ಸಾದವರು. ಟೈರಿನ ಗಾಳಿ ನೋಡಿದರು, ಎಡಬಲ ಒಂದೇ ಸಮ ಇರಲಿಲ್ಲ. ಆಮೇಲೆ ಚಕ್ರ ನೆಲದ ಮೇಲೇ ಇರುವಾಗ ಡ್ರೈವರನ್ನು ಕೂರಿಸಿ ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸಲು ಹೇಳಿ, ತಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟರು. ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಅಲ್ಲಾಡದೆ ಇದ್ದರೆ ರೋಗ ಅಲ್ಲೇ. ಎರಡೂ ಟೈ ರಾಡ್ ಎಂಡ್ ಹೋಗಿದ್ದವು. ರಬ್ಬರ್ ಬೂಟ್ ಒಡೆದು ಗ್ರೀಸ್ ಒಣಗಿ ಧೂಳು ತುಂಬಿತ್ತು. ನಾಗಪುರದ ಬೇಸಿಗೆಗೆ ರಬ್ಬರ್ ಎಷ್ಟು ದಿನ ಬಾಳೀತು?

ಬಳಿಕ ಮುಂಭಾಗ ಜ್ಯಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು (ಬರೀ ಜ್ಯಾಕ್ ನಂಬಬೇಡಿ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಬ್ರೇಕ್ ತುಳಿದಾಗ ಆಟ ನಿಂತರೆ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್. ನಮ್ಮದು ಕಿಂಗ್ ಪಿನ್ನೇ. ಪಿನ್, ಬುಷ್, ಟೈ ರಾಡ್ ಎಂಡ್ ಹೊಸದು ಹಾಕಿ, ಸ್ಪ್ರಿಂಗಿನ ಯು ಬೋಲ್ಟ್ ಬಿಗಿ ಮಾಡಿ, ಬಾಕ್ಸಿನ ಸ್ಕ್ರೂ ಮತ್ತೆ ಸಡಿಲಿಸಿ ಕೂರಿಸಿದರು. ವ್ಹೀಲ್ ಅಲೈನ್‌ಮೆಂಟ್ ಎಲ್ಲ ಆದ ಮೇಲೆ. ಸಡಿಲ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಸ್ಟೇರಿಂಗಿನ ಆಟ 30 ಡಿಗ್ರಿ ಮೀರಬಾರದು ಎಂದಿದೆ. ಗಡಿಯಾರದಲ್ಲಿ ಹನ್ನೆರಡರಿಂದ ಒಂದರವರೆಗಿನ ಅಂತರ ಅದು. ನನ್ನ ಕೇಳಿದರೆ, ಅಷ್ಟಾಗುವ ತನಕ ಕಾಯುವುದೇ ಹುಚ್ಚು.

ಮೇಸ್ತ್ರಿ ಹೇಳಿದ ಇನ್ನೊಂದು ವಿಷಯ ನನಗೆ ಹೊಳೆದಿರಲಿಲ್ಲ. ಬೇಗ ಇಳಿಸಲೆಂದು ಸಾಂಬಾರ್ ಡಬ್ಬಗಳನ್ನು ಹಿಂಬಾಗಿಲ ಹತ್ತಿರವೇ ಇಡುತ್ತಿದ್ದೆವು. ಭಾರ ಹಿಂದಿನ ಚಕ್ರದ ಆಚೆಗೆ ಬಿದ್ದರೆ ಮುಂಭಾಗ ಎತ್ತಿದಂತಾಗಿ ಸ್ಟೇರಿಂಗ್ ಹಗುರಾಗುತ್ತದೆ. ಈಗ ಸಾಂಬಾರ್ ಕ್ಯಾಬಿನ್ನಿಗೆ ಒತ್ತಿ, ಬಾಗಿಲ ಹತ್ತಿರ ಇಡ್ಲಿ ಮತ್ತು ಖಾಲಿ ಪಾತ್ರೆ. ಇಳಿಸಲು ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹುಡುಗರು ಗೊಣಗುತ್ತಾರೆ.