ನೆರಳು ಬೆಳಕಿನ ಕಾಗದ

ಕಪ್ಪು-ಬಿಳುಪು ಛಾಯಾಚಿತ್ರದ ಅರ್ಧ ಕೆಲಸ ಕ್ಯಾಮೆರಾದಲ್ಲಿ ನಡೆದರೆ ಉಳಿದರ್ಧ ಕತ್ತಲೆ ಕೋಣೆಯಲ್ಲಿ ನಡೆಯುತ್ತದೆ. ನೆಗೆಟಿವಿನಲ್ಲಿ ಬೆಳಕಿದ್ದ ಭಾಗ ಕಪ್ಪಾಗಿಯೂ ನೆರಳಿದ್ದ ಭಾಗ ತಿಳಿಯಾಗಿಯೂ ಇರುತ್ತದೆ. ಅದರ ಮೂಲಕ ಹಾಯ್ದ ಬೆಳಕನ್ನು ಬೆಳ್ಳಿಯ ಲವಣಗಳ ಲೇಪವುಳ್ಳ ಕಾಗದದ ಮೇಲೆ ಬೀಳಿಸಿ, ಕಾಗದವನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿದಾಗ ನಿಜವಾದ ಚಿತ್ರ ಮೂಡುತ್ತದೆ. ಆ ಚಿತ್ರದ ಅಂದವು ಕಾಗದದ ಆಯ್ಕೆಯನ್ನು ಅವಲಂಬಿಸಿದೆ.

ಗದಗ ಜಿಲ್ಲೆಯ ಗಜೇಂದ್ರಗಡವನ್ನು ಉದಾಹರಣೆಯಾಗಿ ನೋಡೋಣ. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದವು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇಲ್ಲಿಯ ಬೆಟ್ಟದ ಕೋಟೆಯನ್ನು ಬೇಸಗೆಯ ನಡುಹಗಲಿನಲ್ಲಿ ಚಿತ್ರಿಸಿದರೆ ಬಿಸಿಲು ಬಿದ್ದ ಗೋಡೆ ಕಣ್ಣು ಕೋರೈಸುತ್ತದೆ. ನೆರಳಿನ ಮೂಲೆಗಳು ಕಗ್ಗತ್ತಲೆಯಾಗುತ್ತವೆ. ಮೋಡ ಕವಿದ ದಿನ ಚಿತ್ರಿಸಿದರೆ ಬಂಡೆಯೂ ಗೋಡೆಯೂ ಆಕಾಶವೂ ಒಂದೇ ಬೂದುಬಣ್ಣವಾಗಿ ತೋರುತ್ತವೆ. ಕಪ್ಪು-ಬಿಳುಪುಗಳ ನಡುವಣ ಈ ಅಂತರವನ್ನು ವೈದೃಶ್ಯವೆನ್ನುತ್ತಾರೆ. ವೈದೃಶ್ಯ ಹೆಚ್ಚಾದ ನೆಗೆಟಿವಿಗೆ ಮೃದುವಾದ ಕಾಗದವೂ ಕಡಿಮೆಯಾದುದಕ್ಕೆ ಗಡುಸಾದ ಕಾಗದವೂ ಬೇಕು.

ಈ ಅಗತ್ಯವನ್ನು ಪೂರೈಸಲು ಎರಡು ದಾರಿಗಳಿವೆ. ಮೊದಲನೆಯದು ಸ್ಥಿರ ದರ್ಜೆಯ ಕಾಗದ. ಇದರಲ್ಲಿ ಒಂದೊಂದು ದರ್ಜೆಗೂ ಒಂದೊಂದು ಸಂಖ್ಯೆಯುಂಟು; 0 ಅತಿ ಮೃದು, 2 ಸಾಧಾರಣ, 5 ಅತಿ ಗಡುಸು. ದರ್ಜೆ ಬದಲಾಗಬೇಕಾದರೆ ಕಾಗದವನ್ನೇ ಬದಲಿಸಬೇಕು. ಆದುದರಿಂದ ಹಲವು ದರ್ಜೆಗಳ ಪೊಟ್ಟಣಗಳನ್ನು ಇಟ್ಟುಕೊಳ್ಳುವುದು ಅನಿವಾರ್ಯ. ಅಪರೂಪಕ್ಕೆ ಬೇಕಾಗುವ ದರ್ಜೆಯ ಕಾಗದ ಬಳಕೆಯಾಗುವ ಮೊದಲೇ ಹಳತಾಗಿ ಕೆಡುವುದುಂಟು.

ಎರಡನೆಯದು ವೈದೃಶ್ಯವನ್ನು ಬದಲಿಸಬಲ್ಲ ಕಾಗದ. ಬ್ರಿಟನ್ನಿನ ಇಲ್ಫೋರ್ಡ್ ಸಂಸ್ಥೆ 1940ರಲ್ಲಿ ಇದನ್ನು 'ಮಲ್ಟಿಗ್ರೇಡ್' ಎಂಬ ಹೆಸರಿನಿಂದ ಹೊರತಂದಿತು. ಇಂದಿನ ಇಂಥ ಕಾಗದದ ಲೇಪದಲ್ಲಿ ಹಲವು ಅಂಶಗಳು ಬೆರೆತಿರುತ್ತವೆ. ನೀಲಿ ಬೆಳಕಿಗೆ ಅವೆಲ್ಲವೂ ಸಮನಾಗಿ ಸ್ಪಂದಿಸುತ್ತವೆ. ಆದ್ದರಿಂದ ಚಿತ್ರ ಗಡುಸಾಗುತ್ತದೆ. ಹಸಿರು ಬೆಳಕಿಗೆ ಒಂದು ಬೇಗ, ಇನ್ನೊಂದು ತಡವಾಗಿ ಸ್ಪಂದಿಸುತ್ತದೆ. ಆದ್ದರಿಂದ ಕಪ್ಪು ನಿಧಾನವಾಗಿ ಏರಿ ಚಿತ್ರ ಮೃದುವಾಗುತ್ತದೆ. ಹಳದಿ ಫಿಲ್ಟರು ನೀಲಿಯನ್ನು ತಡೆಯುತ್ತದೆ. ಮೆಜೆಂಟಾ ಫಿಲ್ಟರು ಹಸಿರನ್ನು ತಡೆಯುತ್ತದೆ. ಹೀಗೆ ಫಿಲ್ಟರನ್ನು ಬದಲಿಸಿ ಒಂದೇ ಪೊಟ್ಟಣದ ಕಾಗದದಿಂದ ಎಲ್ಲ ದರ್ಜೆಗಳನ್ನೂ ಪಡೆಯಬಹುದು. ಒಂದೇ ಹಾಳೆಯಲ್ಲಿ ಆಕಾಶವನ್ನು ಮೃದುವಾಗಿಯೂ ಬಂಡೆಯನ್ನು ಗಡುಸಾಗಿಯೂ ಮೂಡಿಸಬಹುದು. ಆದರೆ ಈ ಕಾಗದ ಹಸಿರು ಬೆಳಕನ್ನೂ ಗ್ರಹಿಸುವುದರಿಂದ ಕತ್ತಲೆ ಕೋಣೆಯ ದೀಪವನ್ನು ಎಚ್ಚರಿಕೆಯಿಂದ ಆರಿಸಬೇಕು.

ಹಾಗಾದರೆ ಯಾವುದು ಮೇಲು? ಒಂದೇ ಬಗೆಯ ಬೆಳಕಿನಲ್ಲಿ ತೆಗೆದ ನೂರಾರು ಭಾವಚಿತ್ರಗಳನ್ನು ಮುದ್ರಿಸುವವರಿಗೆ ಸ್ಥಿರ ದರ್ಜೆಯೇ ಸರಳ, ಫಿಲ್ಟರಿನ ತೊಡಕಿಲ್ಲ. ಬಗೆಬಗೆಯ ನೆಗೆಟಿವುಗಳಿಂದ ಕೆಲವೇ ಚಿತ್ರಗಳನ್ನು ಮುದ್ರಿಸುವವರಿಗೆ ಎರಡನೆಯದೇ ಲೇಸು. ಭಾರತ ಸರ್ಕಾರವು 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಹೊರದೇಶದ ಕಾಗದವನ್ನು ನೆಚ್ಚಬೇಕಾದ ಇಂದು ಒಂದು ಹಾಳೆಯೂ ವ್ಯರ್ಥವಾಗಬಾರದು.

ಡಿಜಿಟಲ್ ಕ್ಯಾಮೆರಾಗಳ ಈ ಕಾಲದಲ್ಲಿಯೂ ಹಲವು ಮನೆಗಳ ಪೆಟ್ಟಿಗೆಗಳಲ್ಲಿ ಹಿರಿಯರ ನೆಗೆಟಿವುಗಳು ಉಳಿದಿವೆ. ಅವುಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯೇ ಇಲ್ಲ. ತಕ್ಕ ಕಾಗದ ದೊರೆತರೆ ಮಸುಕಾದ ಮುಖವೊಂದು ಮತ್ತೆ ಸ್ಪಷ್ಟವಾಗಿ ಕಂಡೀತು. ಆದರೆ ನೆಗೆಟಿವಿನಲ್ಲಿ ಇಲ್ಲದುದನ್ನು ಯಾವ ಕಾಗದವೂ ಕೊಡಲಾರದು. ಇರುವುದನ್ನು ಕಳೆಯದೆ ತೋರಿಸುವುದೇ ಒಳ್ಳೆಯ ಆಯ್ಕೆಯ ಫಲ.