ಬಾಳ್ಗಚ್ಚಿನಿಂದ ಪಿಂಚಣಿಯವರೆಗೆ

ನಿವೃತ್ತ ಯೋಧರ ಸನ್ಮಾನ ಸಮಾರಂಭವೆಂದರೆ ನಮಗೆ ಹೇಗಿರುತ್ತದೆಂದು ಗೊತ್ತು. ತಾಲ್ಲೂಕು ಕೇಂದ್ರದ ಸಮುದಾಯ ಭವನ, ವೇದಿಕೆಯ ಮೇಲೆ ಸಾಲುಕುರ್ಚಿ, ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಶ್ರೀರಂಗಪಟ್ಟಣವಿರಲಿ ಪಾಂಡವಪುರವಿರಲಿ, ಕೃಷ್ಣರಾಜಪೇಟೆಯಿರಲಿ ನಾಗಮಂಗಲವಿರಲಿ, ಕ್ರಮ ಹೆಚ್ಚು ಬದಲಾಗದು. ಹದಿನೈದಿಪ್ಪತ್ತು ವರ್ಷ ಹಿಮದಲ್ಲೋ ಮರಳಿನಲ್ಲೋ ಕಾವಲು ನಿಂತು ಬಂದವರು ಸಂಕೋಚದಿಂದ ತಲೆ ಬಾಗಿಸಿ ಪೇಟ ತೊಡಿಸಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಊಟವಾಗುತ್ತದೆ. ಮರುದಿನ ಆ ಯೋಧ ಎಂದಿನಂತೆ ತನ್ನ ಗದ್ದೆಯ ಬದುವಿನ ಮೇಲೆ ಇರುತ್ತಾನೆ.

ಇದು ತಪ್ಪೆಂದು ಹೇಳುವುದು ಉದ್ದೇಶವಲ್ಲ. ಆದರೆ ಸನ್ಮಾನ ಎಂಬುದು ಒಂದು ದಿನದ ಮಾತೇ, ಅಥವಾ ಅದರ ಹಿಂದೆ ಬೇರೇನಾದರೂ ಕಟ್ಟುಪಾಡು ಇದೆಯೇ ಎಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ಕೇಳಿಕೊಳ್ಳಲು ವಿಶೇಷ ಕಾರಣವಿದೆ. ಹೋರಾಡಿದವನಿಗೆ ಊರು ಮತ್ತು ಅರಸು ಏನು ಕೊಡಬೇಕು ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ.

ಆತಕೂರಿನ ಕಲ್ಲು

ಈ ನಾಲ್ಕು ತಾಲ್ಲೂಕುಗಳ ನೆರೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದಿದ್ದ ಒಂದು ಶಾಸನಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872ರ, ಅಂದರೆ ಕ್ರಿ.ಶ. 949–50ರ ಶಾಸನ ಅದು. ನಾಯಿಯೊಂದು ಕಾಡುಹಂದಿಯೊಡನೆ ಸೆಣಸುವ ಚಿತ್ರ ಅದರಲ್ಲಿರುವುದರಿಂದ ‘ನಾಯಿಯ ವೀರಗಲ್ಲು’ ಎಂದೇ ಅದು ಪ್ರಸಿದ್ಧ. ಆದರೆ ಆ ಕಲ್ಲಿನ ಅರ್ಧ ಕಥೆ ಯುದ್ಧ ಮುಗಿಸಿ ಬದುಕಿ ಬಂದ ಒಬ್ಬ ಯೋಧನದು.

ಆ ಯೋಧನ ಹೆಸರು ಮಣಲೆರ. ಗಂಗ ದೊರೆ ಇಮ್ಮಡಿ ಬೂತುಗನ ನೆಚ್ಚಿನ ಬಂಟ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮಣಲೆರ ಆ ಕಾಳಗದಲ್ಲಿ ಎದೆಗೊಟ್ಟು ಕಾದಿದ. ಮೆಚ್ಚಿದ ಚಕ್ರವರ್ತಿ ಬೇಕಾದುದನ್ನು ಕೇಳೆಂದಾಗ ಮಣಲೆರ ಕೇಳಿದ್ದು ಹೊನ್ನನ್ನಲ್ಲ, ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೆರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಎರಡು ಖಂಡುಗ ಭೂಮಿ ಬಿಡಿಸಿದ.

ಇದೇ ಶಾಸನದಲ್ಲಿ ಇನ್ನೊಂದು ಸಂಗತಿಯಿದೆ. ತನ್ನ ದೊರೆ ಬೂತುಗನೂ ಮಣಲೆರನಿಗೆ ಆತಕೂರು-ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಎಂದು ಕೊಟ್ಟ. ಬಾಳ್ ಎಂದರೆ ಕತ್ತಿ. ಕಚ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದಿಡುವ ಹೊತ್ತಿನ ಕೊಡುಗೆ ಅದು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಬದುಕಿ ಹಿಂದಿರುಗಿದ ಯೋಧನ ಮುಂದಿನ ಜೀವನಕ್ಕೆ ಮಾಡಿದ ಏರ್ಪಾಡು.

ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟಲಿ ಎಂದು ಶಪಿಸುತ್ತದೆ. ಕೊಟ್ಟ ಭೂಮಿಯನ್ನು ಅಳಿದವನಿಗೂ ಶಾಪವಿದೆ. ಕಲ್ಲು ನೆಟ್ಟರೆ ಸಾಲದು, ಅದನ್ನು ದಿನವೂ ನೋಡಿಕೊಳ್ಳುವ ಹೊಣೆ ಯಾರದೆಂದು ಗೊತ್ತು ಮಾಡಬೇಕು. ಆ ಹೊಣೆ ಹೊತ್ತವನ ಹೊಟ್ಟೆಗೂ ದಾರಿ ಮಾಡಬೇಕು ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ಹೆಸರು, ಹೊಲ, ಹೊಣೆ

ಬದುಕಿದವನಿಗೆ ಬಾಳ್ಗಚ್ಚು ಇದ್ದಂತೆ, ಸತ್ತವನ ಮನೆಯವರಿಗೂ ಬೇರೆ ಬೇರೆ ಹೆಸರಿನ ದತ್ತಿಗಳಿದ್ದವು. ಕಲ್ಲಿನ ಜೊತೆಗೆ ಕೊಡುತ್ತಿದ್ದ ಭೂಮಿ ‘ಕಲ್ನಾಡು’. ನೆತ್ತರು ಸುರಿಸಿದ್ದಕ್ಕೆ ಕೊಟ್ಟದ್ದು ‘ನೆತ್ತರುಗೊಡಗೆ’. ಕೊಡಗಿ, ಉಂಬಳಿ ಎಂಬ ಮಾತುಗಳು ತೀರ ಇತ್ತೀಚಿನವರೆಗೆ ನಮ್ಮ ಹಳ್ಳಿಗಳ ಜಮೀನಿನ ಲೆಕ್ಕದಲ್ಲಿ ಉಳಿದು ಬಂದವು. ಇಂಥ ಭೂಮಿಗೆ ಕಂದಾಯ ಇರುತ್ತಿರಲಿಲ್ಲ ಅಥವಾ ಕಡಿಮೆ ಇರುತ್ತಿತ್ತು. ಸತ್ತವನ ಹೆಂಡತಿ ಮಕ್ಕಳು ಅದನ್ನು ಉಳುತ್ತಿದ್ದರು.

ಹೀಗೆ ಗೌರವಕ್ಕೆ ಮೂರು ಕಾಲುಗಳಿದ್ದವು. ಒಂದು, ಊರಮುಂದಿನ ಕಲ್ಲಿನಲ್ಲಿ ಉಳಿಯುವ ಹೆಸರು. ಎರಡು, ಮನೆಯವರ ಕೈಗೆ ಬರುವ ಹೊಲ. ಮೂರು, ಎರಡನ್ನೂ ಕಾಪಾಡುವ ಹೊಣೆ. ಮೂರರಲ್ಲಿ ಒಂದು ಮುರಿದರೂ ಗೌರವ ಕುಂಟುತ್ತಿತ್ತು.

ವೀರಗಲ್ಲನ್ನು ಓದುವ ಬಗೆ ಸುಲಭ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತಿರುವುದು. ನೆತ್ತಿಯಲ್ಲಿ ಸೂರ್ಯ ಚಂದ್ರರು. ಅಂದರೆ ಈ ದತ್ತಿ ಸೂರ್ಯಚಂದ್ರರಿರುವ ತನಕ ಎಂದರ್ಥ.

ಯಾರಿಗೆ ಈ ಕಲ್ಲು? ರಾಜನ ದಂಡಿನಲ್ಲಿ ಸತ್ತವರಿಗೆ ಮಾತ್ರವಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಟ್ಟಿಹೋಗಿ ಸತ್ತವರಿಗೆ ತುರುಗೊಳ್ ಕಲ್ಲು. ಹೆಣ್ಣುಮಕ್ಕಳ ಮಾನ ಕಾಯಲು ನಿಂತು ಮಡಿದವರಿಗೆ ಪೆಣ್ಬುಯ್ಯಲ್ ಕಲ್ಲು. ಊರಿನ ಮೇಲೆ ದಾಳಿಯಾದಾಗ ಸತ್ತವರಿಗೆ, ಹುಲಿ ಹಂದಿಗಳೊಡನೆ ಹೋರಾಡಿ ಸತ್ತವರಿಗೂ ಕಲ್ಲುಗಳಿವೆ. ಅನೇಕ ಕಲ್ಲುಗಳನ್ನು ನಿಲ್ಲಿಸಿದವರು ಅರಸರಲ್ಲ. ತಮ್ಮ, ಮಗ, ಹೆಂಡತಿ ಇಲ್ಲವೆ ಊರವರೇ. ದೇಶಸೇವೆ, ಊರಸೇವೆ ಎಂಬ ವಿಂಗಡಣೆ ಆ ಕಾಲದವರಿಗೆ ಇರಲಿಲ್ಲ.

ಈ ಸೀಮೆಯ ಶಾಸನಗಳನ್ನು ಮೊದಲಿಗೆ ಸಂಗ್ರಹಿಸಿದವರು ಬಿ.ಎಲ್. ರೈಸ್. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ, ಏಳನೆಯದರಲ್ಲಿ ನಾಗಮಂಗಲದ ಶಾಸನಗಳಿವೆ.

ಸಾವನ್ನೇ ಕೇಳಿದ ಗೌರವ

ಹಿಂದಿನದೆಲ್ಲ ಒಳ್ಳೆಯದೆಂದು ಹೇಳಿದರೆ ಮಾತು ಪೂರ್ತಿಯಾಗದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಹೊಯ್ಸಳರ ಕಾಲದ ಗರುಡಗಂಬಗಳಿವೆ. ಗರುಡರು ಎಂದರೆ ಅರಸನೊಡನೆ ಬದುಕಿ, ಅರಸ ಸತ್ತಾಗ ತಾವೂ ಪ್ರಾಣ ಬಿಡುವುದಾಗಿ ಭಾಷೆ ಕೊಟ್ಟ ಅಂಗರಕ್ಷಕರು. ಇಲ್ಲಿನ ಶಾಸನ ಹೇಳುವುದು ಒಬ್ಬನ ಕಥೆಯನ್ನಲ್ಲ. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ತಮ್ಮ ತಮ್ಮ ಕಾಲದ ಹೊಯ್ಸಳ ದೊರೆಯೊಡನೆ ಸತ್ತ ಕಥೆಯನ್ನು. ಮಡದಿಯರೂ ಆಳುಗಳೂ ಜೊತೆಗೆ ಹೋದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರ ಲಕ್ಷ್ಮನ ಕಂಬವೂ ಇದೇ ಬಗೆಯದು.

ಕಂಬದ ಮುಂದೆ ನಿಂತಾಗ ಮೈ ಜುಮ್ಮೆನ್ನುವುದು ನಿಜ. ಆದರೆ ಇದು ನಾಡಿಗಾಗಿ ಮಾಡಿದ ತ್ಯಾಗವಲ್ಲ, ಒಡೆಯನಿಗಾಗಿ ಮಾಡಿದ್ದು. ಕೊಟ್ಟ ಗೌರವಕ್ಕೆ ಪ್ರತಿಯಾಗಿ ಮುಂದಿನ ತಲೆಮಾರಿನ ಜೀವವನ್ನೂ ಕೇಳಿದಂಥದು. ಗೌರವವನ್ನು ಅಳೆಯುವಾಗ ಅದು ಯಾರಿಗೆ ಒಳಿತು ಮಾಡಿತು ಎಂಬುದನ್ನೂ ಕೇಳಬೇಕಾಗುತ್ತದೆ.

ಗೆದ್ದವರ ಪದಕ

ಶ್ರೀರಂಗಪಟ್ಟಣದ ಕಥೆ ಇನ್ನೊಂದು ಬಗೆಯದು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ ಹೋರಾಡುತ್ತಲೇ ಮಡಿದ. ಗೆದ್ದ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗೆಂದು ಇಂಗ್ಲೆಂಡಿನ ಸೋಹೊ ಟಂಕಸಾಲೆಯಲ್ಲಿ ಪದಕ ಮಾಡಿಸಿತು. ಒಂದು ಮುಖದಲ್ಲಿ ಹುಲಿಯನ್ನು ಕೆಡವಿದ ಸಿಂಹ. ಇನ್ನೊಂದರಲ್ಲಿ ಕೋಟೆಗೆ ನುಗ್ಗುವ ದೃಶ್ಯ. ಅದು ಹಂಚಿಕೆಯಾದದ್ದು 1808ರಲ್ಲಿ, ಯುದ್ಧ ಮುಗಿದು ಒಂಬತ್ತು ವರ್ಷಗಳ ಮೇಲೆ. ದರ್ಜೆಗೆ ತಕ್ಕಂತೆ ಲೋಹ: ದೊಡ್ಡ ಅಧಿಕಾರಿಗಳಿಗೆ ಚಿನ್ನ, ಕೆಳಗಿನವರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಕಂಪನಿಯ ಭಾರತೀಯ ಸಿಪಾಯಿಗಳಿಗೂ ಈ ಪದಕ ಸಂದಿತು.

ಕೋಟೆ ಒಡೆದ ಜಾಗದ ಬಳಿ, ಕಾವೇರಿಯ ದಡದಲ್ಲಿ ನಿಂತ ಸ್ಮಾರಕಸ್ತಂಭ 1907ರದು. ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸರ್ಕಾರವೇ ಅದನ್ನು ಕಟ್ಟಿಸಿತು. ಅದು ನೆನೆಯುವುದು ಮುತ್ತಿಗೆ ಹಾಕಿದ ಕಡೆಯವರನ್ನು. ಕೋಟೆಯೊಳಗೆ ಕಾದಿ ಸತ್ತ ಮೈಸೂರಿನ ಸಾಮಾನ್ಯ ಸಿಪಾಯಿಗಳಿಗೆ ಅದರಲ್ಲಿ ಜಾಗವಿಲ್ಲ. ಅವರಲ್ಲಿ ಎಷ್ಟೋ ಮಂದಿ ಇದೇ ಸುತ್ತಿನ ಹಳ್ಳಿಗಳವರಾಗಿದ್ದಿರಬೇಕು. ಮೈಸೂರಿನ ‘ಕಂದಾಚಾರ’ದ ಆಳುಗಳು ಯುದ್ಧವಿದ್ದಾಗ ಕೋವಿ ಹಿಡಿದು, ಇಲ್ಲದಾಗ ನೇಗಿಲು ಹಿಡಿಯುತ್ತಿದ್ದವರು. ಅವರ ಸಂಬಳದಲ್ಲಿ ಒಂದಂಶ ಭೂಮಿಯ ರೂಪದಲ್ಲೇ ಸಲ್ಲುತ್ತಿತ್ತು.

ಪಾಂಡವಪುರವೂ ದಂಡಿನ ನೆನಪು ಹೊತ್ತ ಊರೇ. ಹಿರೋಡೆ ಎಂದಿದ್ದ ಆ ಊರಿಗೆ ಬ್ರಿಟಿಷರು ‘ಫ್ರೆಂಚ್ ರಾಕ್ಸ್’ ಎಂದು ಹೆಸರಿಟ್ಟದ್ದು, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಮರಾಠರು ಹೈದರನ ಸೈನ್ಯವನ್ನು ಸೋಲಿಸಿದರು. ಸೋತ ದಂಡಿನ ಆಳುಗಳಿಗೆ ಪದಕ ಮಾಡಿಸುವವರು ಯಾವ ಕಾಲದಲ್ಲೂ ಇಲ್ಲ.

ಮುಂದೆ ಮೈಸೂರು ಸಂಸ್ಥಾನದ ಕುದುರೆಸವಾರರು ಕಡಲಾಚೆಗೂ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು.

ಇಂದಿನ ಬಾಳ್ಗಚ್ಚು

ಸ್ವತಂತ್ರ ಭಾರತದಲ್ಲಿ ಉಂಬಳಿಯ ಜಾಗಕ್ಕೆ ಪಿಂಚಣಿ ಬಂದಿದೆ. ಸಿಪಾಯಿಯಾಗಿ ಸೇರಿದವನು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ ಮನೆಗೆ ಬರುತ್ತಾನೆ. ಬೇರೆ ಸರ್ಕಾರಿ ನೌಕರ ಅರವತ್ತರವರೆಗೆ ಸಂಬಳ ಪಡೆಯುವಾಗ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಇವನ ಸಂಬಳ ನಿಲ್ಲುತ್ತದೆ. ಒಂದೇ ದರ್ಜೆಯಲ್ಲಿ, ಒಂದೇ ಅವಧಿಯ ಸೇವೆ ಮಾಡಿದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಎಂಬ ಬೇಡಿಕೆ ದಶಕಗಳ ಕಾಲ ನಡೆದು, 2015ರ ನವೆಂಬರಿನಲ್ಲಿ ಆದೇಶವಾಯಿತು. 2014ರ ಜುಲೈ 1ರಿಂದ ಅನ್ವಯವಾಯಿತು. ನಿವೃತ್ತರ ವೈದ್ಯಕೀಯ ಯೋಜನೆ 2003ರಲ್ಲಿ ಆರಂಭವಾಯಿತು. ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಿಂದ ಇದೆ. ಅಂದು ಶಾಲೆಗಳಲ್ಲಿ ಹಂಚುವ ಸಣ್ಣ ಬಾವುಟದ ಹಣ ಯೋಧರ ಮತ್ತು ಅವರ ಕುಟುಂಬಗಳ ಕ್ಷೇಮಕ್ಕೆ ಹೋಗುತ್ತದೆ. ಜನವರಿ 14ರಂದು ನಿವೃತ್ತ ಯೋಧರ ದಿನ. 1953ರಲ್ಲಿ ಅದೇ ದಿನ ನಿವೃತ್ತರಾದವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ.

ಭೂಮಿಯ ಮಾತೂ ಪೂರ್ತಿ ಹೋಗಿಲ್ಲ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೂ ಸೈನಿಕರಿಗೂ ಒಂದು ಪಾಲು ಮೀಸಲಿದೆ. ಬಾಳ್ಗಚ್ಚಿನ ನೇರ ಮರಿಮೊಮ್ಮಗು ಎಂದರೆ ಇದೇ. ಆದರೆ ನಾಲೆಯ ನೀರು ಹರಿದು ಪ್ರತಿ ಗುಂಟೆಗೂ ಬೆಲೆ ಬಂದಿರುವ ಸೀಮೆಯಲ್ಲಿ ಹಂಚಲು ಸರ್ಕಾರಿ ಜಮೀನು ಎಲ್ಲಿದೆ? ನಿಯಮ ಪುಸ್ತಕದಲ್ಲಿರುತ್ತದೆ, ಅರ್ಜಿ ಕಡತದಲ್ಲಿರುತ್ತದೆ. ಅರಸ ಬಾಯಿ ತೆರೆದು ಕೊಟ್ಟದ್ದನ್ನು ಅಂದು ಕಲ್ಲಿನಲ್ಲಿ ಕೊರೆದು ಶಾಪ ಹಾಕಿದ್ದು ಏಕೆಂದು ಕಚೇರಿಗೆ ಅಲೆದ ಯೋಧನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ತೊಡಕಿದೆ. ಕಾನೂನಿನ ಪ್ರಕಾರ ‘ಮಾಜಿ ಸೈನಿಕ’ ಎಂದರೆ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಂದ ಬಂದವನು. ಕೇಂದ್ರ ಮೀಸಲು ಪೊಲೀಸ್ ಪಡೆ, ಗಡಿ ಭದ್ರತಾ ಪಡೆಗಳು ಗೃಹ ಇಲಾಖೆಗೆ ಸೇರಿದವು. ಅವರ ಸವಲತ್ತುಗಳ ಲೆಕ್ಕವೇ ಬೇರೆ. 2019ರ ಫೆಬ್ರುವರಿ 14ರಂದು ಪುಲ್ವಾಮದಲ್ಲಿ ಮಡಿದ ಮೀಸಲು ಪಡೆಯ 40 ಮಂದಿಯಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯುವಕನೂ ಇದ್ದ. ಅಂತ್ಯಕ್ರಿಯೆಗೆ ಸೇರಿದ ಜನಸಾಗರ ಅವನು ಯಾವ ಇಲಾಖೆಯವನೆಂದು ಕೇಳಲಿಲ್ಲ. ದಂಡಿನಲ್ಲಿ ಸತ್ತವನಿಗೂ ದನ ಬಿಡಿಸಲು ಹೋಗಿ ಸತ್ತವನಿಗೂ ಒಂದೇ ಬಗೆಯ ಕಲ್ಲು ನಿಲ್ಲಿಸಿದ ಜನರ ಮಕ್ಕಳು ಅವರು.

ಊರಿಗೆ ಬಂದ ಮೇಲೆ

ನಿವೃತ್ತ ಯೋಧನಿಗೆ ಗೌರವ ಸಲ್ಲಬೇಕಾದದ್ದು ಗಡಿಯಲ್ಲಿ ಕಳೆದ ವರ್ಷಗಳಿಗೆ ಮಾತ್ರವಲ್ಲ. ಊರಿಗೆ ಬಂದ ಮೇಲೂ ಅವನ ಮುಂದೆ ಮೂವತ್ತು ನಲವತ್ತು ವರ್ಷಗಳ ಬಾಳು ಇರುತ್ತದೆ. ಹೊತ್ತಿಗೆ ಮುಂಚೆ ಏಳುವ ರೂಢಿ, ಹತ್ತು ಭಾಷೆಯವರೊಡನೆ ಒಂದೇ ತಟ್ಟೆಯಲ್ಲಿ ಉಂಡ ಅನುಭವ, ಲೆಕ್ಕಪತ್ರದಲ್ಲಿ ಶಿಸ್ತು ಇವೆಲ್ಲ ಅವನ ಜೊತೆಗೇ ಬರುತ್ತವೆ. ಬೆಳಗಿನ ಜಾವ ಹುಡುಗರನ್ನು ನಾಲೆ ಏರಿಯ ಮೇಲೆ ಓಡಿಸಿ ಭರ್ತಿಗೆ ತಯಾರು ಮಾಡುವವನು, ಶಾಲೆಯ ಕಾಂಪೌಂಡಿಗಾಗಿ ಪಂಚಾಯಿತಿಯ ಬಾಗಿಲು ತಟ್ಟುವವನು, ಓದುಬರಹ ಬಾರದವರಿಗೆ ಬ್ಯಾಂಕಿನ ಚೀಟಿ ತುಂಬಿಕೊಡುವವನು ಎಷ್ಟೋ ಊರುಗಳಲ್ಲಿ ಇದೇ ಮನುಷ್ಯ. ಆ ಕೆಲಸವನ್ನು ಕಂಡು ಅದಕ್ಕೊಂದು ಜಾಗ ಮಾಡಿಕೊಡುವುದೂ ಸನ್ಮಾನವೇ.

ಈ ಸೀಮೆಯಲ್ಲಿ ಓಡಾಡುವವರು ಒಂದು ನೋಟವನ್ನು ಕಂಡೇ ಇರುತ್ತಾರೆ. ಕೆರೆ ಏರಿಯ ಕೆಳಗೆ, ಬೇಲಿಯ ಮರೆಯಲ್ಲಿ, ಅರ್ಧ ಹೂತುಹೋದ ವೀರಗಲ್ಲು. ಎಲ್ಲೋ ಒಂದನ್ನು ಬಟ್ಟೆ ಒಗೆಯಲು ಹಾಸಿಕೊಂಡಿರುತ್ತಾರೆ. ಎಲ್ಲೋ ಒಂದಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ, ಹೂವಿಟ್ಟು, ‘ವೀರರ ದೇವರು’ ಎಂದು ಕೈ ಮುಗಿಯುತ್ತಾರೆ. ಎರಡೂ ಕಲ್ಲುಗಳನ್ನು ಕೊರೆದ ಉಳಿ ಒಂದೇ ಬಗೆಯದು. ಒಂದು ಉಳಿದು ಇನ್ನೊಂದು ಅಳಿದದ್ದಕ್ಕೆ ಕಾರಣ, ಒಂದನ್ನು ನೋಡಿಕೊಳ್ಳುವವರು ಇದ್ದರು, ಇನ್ನೊಂದಕ್ಕೆ ಇರಲಿಲ್ಲ. ವೇದಿಕೆಯಿಂದ ಇಳಿದು ಪೇಟ ಬಿಚ್ಚಿಟ್ಟ ಯೋಧನ ವಿಷಯದಲ್ಲೂ ಈ ಮಾತು ಬೇರೆಯಲ್ಲ.