ದಾಳ ಸೋತರೂ ಕಥೆ ನಿಲ್ಲದು

ಒಲ್ಲದ ಮದುವೆಯಿಂದ ತಪ್ಪಿಸಿಕೊಂಡ ಸಿರಿವಂತ ಮನೆತನದ ಯುವತಿಯೊಬ್ಬಳು ದರೋಡೆಕೋರರ ದೊರೆಯಾದ ತನ್ನ ಹಳೆಯ ಪ್ರಿಯಕರನನ್ನು ಸೇರಲು ಹೊರಟಿದ್ದಾಳೆ. ದಾರಿಯಲ್ಲಿ ಆಕೆಯಿದ್ದ ವಾಯುನೌಕೆ ಸಾಮ್ರಾಜ್ಯದ ಪಡೆಯ ವಶವಾಗುತ್ತದೆ. ಅಮೆರಿಕದ ಜಾನ್ ಹಾರ್ಪರ್ 2009ರಲ್ಲಿ ಹೊರತಂದ ‘ಲೇಡಿ ಬ್ಲ್ಯಾಕ್‌ಬರ್ಡ್’ ಆಟ ಆರಂಭವಾಗುವುದೇ ಇಲ್ಲಿಂದ.

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುವ ಆಟವಿದು. ಪಾತ್ರಗಳು ಐದು, ಅಡೆತಡೆ ಒಡ್ಡಲು ಒಬ್ಬ ನಿರೂಪಕ. ಆಟಗಾರ ತನ್ನ ಪಾತ್ರದ ಗುಣ, ಕೌಶಲಗಳಿಗೆ ತಕ್ಕಷ್ಟು ಆರು ಮುಖದ ದಾಳಗಳನ್ನು ಉರುಳಿಸುತ್ತಾನೆ. 4, 5 ಅಥವಾ 6 ಬಿದ್ದವು ಮಾತ್ರ ಲೆಕ್ಕಕ್ಕೆ. ಸೋತವನು ಆಟದಿಂದ ಹೊರಬೀಳುವುದಿಲ್ಲ. ಸಂಕಟ ಹೆಚ್ಚುತ್ತದೆ, ಜತೆಗೆ ಮುಂದಿನ ಪ್ರಯತ್ನಕ್ಕೆ ಒಂದು ದಾಳ ಹೆಚ್ಚುವರಿಯಾಗಿ ದೊರೆಯುತ್ತದೆ.

‘ಕೀಲಿಕೈ’ ಎಂಬ ನಿಯಮವೇ ಆಟದ ಜೀವಾಳ. ನೌಕೆಯ ಕಪ್ತಾನ ವ್ಯಾನ್ಸ್‌ಗೆ ಆ ಯುವತಿಯ ಮೇಲೆ ಗುಪ್ತ ಪ್ರೇಮ. ಅದು ಪರೋಕ್ಷವಾಗಿ ವ್ಯಕ್ತವಾದಾಗಲೆಲ್ಲ ಆತನಿಗೆ ಅಂಕ. ಬಹಿರಂಗಪಡಿಸಿದರೆ ಅಥವಾ ತೊರೆದರೆ ಇನ್ನೂ ದೊಡ್ಡ ಪ್ರತಿಫಲ. ಆದರೆ ಆ ಕೀಲಿಕೈ ಕೈತಪ್ಪುತ್ತದೆ. ಆಕೆಯನ್ನು ಪ್ರಿಯಕರನ ಬಳಿ ತಲುಪಿಸಬೇಕಾದವನೂ ಅವನೇ. ಹೇಳಬೇಕೇ, ಬೇಡವೇ? ಇದನ್ನು ದಾಳ ತೀರ್ಮಾನಿಸದು, ಆಟಗಾರನೇ ತೀರ್ಮಾನಿಸಬೇಕು.